ಬಲಗೈಯವನಿಗೆ ಎಡಗಣ್ಣು ಪ್ರಬಲವಾಗಿದ್ದರೆ ಮೊದಲ ರೈಫಲ್ ಯಾವುದು? ಸೆಮಿ-ಆಟೊಮ್ಯಾಟಿಕ್ ಸರಿಯೇ?

ಬದಿಯಡ್ಕದ ತೋಟಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕ ಸಮೀಪದ ಅಡಿಕೆ ಕೃಷಿಕ, ವಯಸ್ಸು 34. ಬರೆಯುವುದು, ಉಣ್ಣುವುದು, ಕತ್ತಿ ಹಿಡಿಯುವುದು ಎಲ್ಲವೂ ಬಲಗೈಯಲ್ಲಿ. ಆದರೆ ನನ್ನ ಪ್ರಬಲ ಕಣ್ಣು, ಅಂದರೆ ಗುರಿ ನೋಡುವಾಗ ಮಿದುಳು ನಂಬುವ ಕಣ್ಣು, ಎಡದ್ದು ಎಂಬುದು ಕಳೆದ ತಿಂಗಳಷ್ಟೇ ತಿಳಿಯಿತು. ಮಗಳು ಹಾಳೆಯ ತುಂಡಿಗೆ ನಾಣ್ಯದಷ್ಟಗಲದ ತೂತು ಕೊರೆದು, ಅದನ್ನು ಕೈ ಚಾಚಿ ಹಿಡಿದು ಎರಡೂ ಕಣ್ಣು ತೆರೆದು ತುಳಸಿಕಟ್ಟೆಯ ದೀಪದ ಗೂಡನ್ನು ನೋಡಲು ಹೇಳಿದಳು. ಬಲಗಣ್ಣು ಮುಚ್ಚಿದಾಗ ಗೂಡು ಅಲ್ಲೇ ಇತ್ತು. ಎಡಗಣ್ಣು ಮುಚ್ಚಿದಾಗ ಗೂಡು ಮಾಯವಾಗಿ, ಹಾಳೆಯ ಬಿಳಿಯ ಒಳಮೈ ಮಾತ್ರ ಕಂಡಿತು. ಹತ್ತು ಸಲ ಮಾಡಿದರೂ ಫಲಿತಾಂಶ ಬದಲಾಗಲಿಲ್ಲ.

ಕಾಲೇಜಿನಲ್ಲಿ ಎನ್‌ಸಿಸಿ ಕೆಡೆಟ್ ಆಗಿದ್ದಾಗ 25 ಮೀಟರಿನಲ್ಲಿ .22 (ನಳಿಗೆಯ ಒಳವ್ಯಾಸ, ಇಂಚಿನಲ್ಲಿ) ರೈಫಲ್ ಹಾರಿಸಿದ ನೆನಪು ಆಗ ಮರಳಿತು. ಐದು ತೋಟೆಗಳಲ್ಲಿ ಮೂರು ಎಡಕ್ಕೆ ಸರಿದಿದ್ದವು, ಉಳಿದೆರಡು ಕಾಗದವನ್ನೇ ಮುಟ್ಟಿರಲಿಲ್ಲ. ಉಸಿರು ಬಿಗಿಹಿಡಿಯಲಿಲ್ಲವೆಂದು ಬೈಸಿಕೊಂಡಿದ್ದೆನೇ ಹೊರತು ಕಣ್ಣಿನ ವಿಷಯವನ್ನು ಯಾರೂ ಎತ್ತಿರಲಿಲ್ಲ.

ಈಗ ಬಿಡುವಿದೆ, ಗುರಿ ಅಭ್ಯಾಸವನ್ನು ಕ್ರೀಡೆಯಾಗಿ ಕಲಿಯುವ ಮನಸ್ಸಿದೆ. ಬೇಟೆಯ ಉದ್ದೇಶವಿಲ್ಲ. ಅಮೆರಿಕದಲ್ಲಿರುವ ಸೋದರಮಾವನ ಮಗ ತನ್ನ .22 ಸೆಮಿ-ಆಟೊಮ್ಯಾಟಿಕ್ ರೈಫಲಿನ ವೀಡಿಯೊ ಕಳುಹಿಸಿದ್ದಾನೆ. ಪ್ರತಿ ಹೊಡೆತದ ನಂತರ ಬೋಲ್ಟ್ (ತೋಟೆಯನ್ನು ನಳಿಗೆಗೆ ತಳ್ಳಿ ಮುಚ್ಚುವ ಸರಳು) ಎಳೆಯುವ ಕೆಲಸವಿಲ್ಲದ್ದರಿಂದ, ಎಡಭುಜಕ್ಕೆ ಬದಲಾಯಿಸಿಕೊಳ್ಳಬೇಕಾಗಿ ಬಂದರೆ ಅದೇ ಸುಲಭವಲ್ಲವೇ ಎಂಬುದು ನನ್ನ ಯೋಚನೆ. ನಾನು ಭುಜ ಬದಲಿಸಬೇಕೇ, ಕಣ್ಣಿಗೆ ಪಟ್ಟಿ ಕಟ್ಟಬೇಕೇ, ಅಥವಾ ಇದಕ್ಕೆ ಹೊಂದುವ ರೈಫಲ್ ಬೇರೆಯೇ ಇದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ನೀರ್ಚಾಲಿನ ಮಾಷ್ಟ್ರು

ತೋಟಿಗರೇ, ಮೊದಲು ಕಾನೂನಿನ ಮಾತನ್ನು ಮುಗಿಸಿಬಿಡುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಮ್ಮಲ್ಲಿ ಸೆಮಿ-ಆಟೊಮ್ಯಾಟಿಕ್ ರೈಫಲ್‌ಗಳು ನಿರ್ಬಂಧಿತ ವರ್ಗಕ್ಕೆ ಸೇರಿವೆ. ಸಾಮಾನ್ಯ ಕೋವಿಗೆ ಲೈಸೆನ್ಸ್ ಕೊಡುವ ಜಿಲ್ಲಾ ಕಚೇರಿಯಲ್ಲಿ ಇದಕ್ಕೂ ಅರ್ಜಿ ಹಾಕಿದರಾಯಿತು ಎಂಬಂತಿಲ್ಲ, ಅದು ಕೇಂದ್ರ ಗೃಹ ಸಚಿವಾಲಯದವರೆಗೆ ಹೋಗುವ ವಿಚಾರ. ಕೊಡಗಿನ ನೆಂಟರನ್ನು ನೋಡಿ ಆಸೆಪಡುವವರೂ ಇದ್ದಾರೆ. ಅವರಿಗಿರುವ ಲೈಸೆನ್ಸ್ ವಿನಾಯಿತಿ ಕಾಸರಗೋಡಿನ ನಮಗಿಲ್ಲ. ಬೋಲ್ಟ್ ಇರುವ .22 ರೈಫಲಿಗೆ ಲೈಸೆನ್ಸ್ ಸಾಧ್ಯ, ಆದರೆ ಅದಕ್ಕೂ ತರಬೇತಿ ಪ್ರಮಾಣಪತ್ರ, ಪೊಲೀಸ್ ವರದಿ ಎಂದು ಕಾಲ ಹಿಡಿಯುತ್ತದೆ. 4.5 ಮಿ.ಮೀ. ಅಂದರೆ .177 ಬೋರಿನ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲಿಗೆ ಮಾತ್ರ ಲೈಸೆನ್ಸ್ ಬೇಡ. ಗುರುತಿನ ದಾಖಲೆ ಕೊಟ್ಟು ಅಂಗಡಿಯಿಂದಲೇ ಕೊಳ್ಳಬಹುದು.

ಇದನ್ನು ಕೇಳಿ ಬೇಸರಪಡಬೇಡಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲಿನಲ್ಲೇ. ಆ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್, ನೀವು ಹಾರಿಸುವ ಗುಂಡಿಗಿಂತಲೂ ಬಹಳ ಚಿಕ್ಕದು. 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರ 50 ಮೀಟರ್ ಸ್ಪರ್ಧೆಯಲ್ಲೂ ಪ್ರತಿ ಹೊಡೆತಕ್ಕೆ ಒಂದೊಂದೇ ತೋಟೆಯನ್ನು ಕೈಯಿಂದ ತುಂಬುತ್ತಾರೆ. ಅಂದರೆ ನೀವು ಹೋಗಬೇಕೆಂದಿರುವ ದಾರಿಯಲ್ಲಿ ಸೆಮಿ-ಆಟೊಮ್ಯಾಟಿಕ್ ಎಂಬ ಊರೇ ಬರುವುದಿಲ್ಲ.

ಈಗ ಕಣ್ಣಿನ ವಿಷಯ. ಬಲಭುಜಕ್ಕೆ ರೈಫಲ್ ಇಟ್ಟು ಎರಡೂ ಕಣ್ಣು ತೆರೆದಾಗ ಮಿದುಳು ಎಡಗಣ್ಣಿನ ಚಿತ್ರವನ್ನೇ ನಂಬುತ್ತದೆ. ಎಡಗಣ್ಣು, ಮುಂದಿನ ಸೈಟ್ (ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಇರುವ ಮೊನೆ), ಗುರಿ ಈ ಮೂರೂ ಒಂದೇ ಗೆರೆಯಲ್ಲಿ ಇರುವಂತೆ ಕಂಡರೂ ರೈಫಲಿನ ಹಿಂಭಾಗ ಆ ಗೆರೆಯಿಂದ ಬಲಕ್ಕಿರುತ್ತದೆ. ಆದ್ದರಿಂದ ನಳಿಗೆಯ ಬಾಯಿ ಎಡಕ್ಕೆ ತಿರುಗಿರುತ್ತದೆ, ಗುಂಡೂ ಎಡಕ್ಕೇ ಹೋಗುತ್ತದೆ. ನಿಮ್ಮ ಆ ಮೂರು ತೋಟೆಗಳ ಕಥೆ ಬಹುಶಃ ಇದೇ. ನಾನೂ ಹಲವು ವರ್ಷ ಎನ್‌ಸಿಸಿ ಮಕ್ಕಳನ್ನು ಫೈರಿಂಗಿಗೆ ಕರೆದೊಯ್ದವನು. ಅಂಥ ಮಕ್ಕಳಿಗೆ ಉಸಿರಿನ ಪಾಠ ಹೇಳಿದ ತಪ್ಪು ನನ್ನದೂ ಇದೆ.

ನನ್ನ ಅಭಿಪ್ರಾಯ ಸ್ಪಷ್ಟ: ಹತ್ತಾರು ವರ್ಷ ಬಲಭುಜದಲ್ಲಿ ಹಾರಿಸಿ ರೂಢಿಯಾದವರು ಬದಲಿಸಲು ಹಿಂಜರಿಯಲಿ, ಆದರೆ ನೀವು ಈಗ ಪ್ರಾರಂಭಿಸುವವರು. ಎಡಭುಜದಿಂದಲೇ ಕಲಿಯಿರಿ. ರೈಫಲ್ ಹಿಡಿಯುವಾಗ ಬಲಿಷ್ಠವಾದ ಬಲಗೈ ಕೆಳಗಿನಿಂದ ಆಧಾರ ಕೊಡುತ್ತದೆ, ಎಡಗೈಗೆ ಉಳಿಯುವುದು ಟ್ರಿಗರ್ ಒತ್ತುವ ಒಂದು ಬೆರಳಿನ ಕೆಲಸ, ಅದು ಅಷ್ಟೇನೂ ಕಷ್ಟವಲ್ಲ. ಹಣ ಹಾಕುವ ಮೊದಲು ಒಂದು ಪ್ರಯೋಗ ಮಾಡಿ. ರೈಫಲಿನ ಅಳತೆಯ ಹಲಗೆಯೊಂದನ್ನು ಬಡಗಿಯಿಂದ ಕೊಯ್ಯಿಸಿ, ತುದಿಗೊಂದು ಮೊಳೆ ಹೊಡೆಯಿರಿ. ಹದಿನೈದು ದಿನ ಸಂಜೆ ಇಪ್ಪತ್ತು ಸಲ ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕೆನ್ನೆ ಒರಗಿಸಿ, ಅನಂತರ ಕಣ್ಣು ತೆರೆಯಿರಿ. ಮೊಳೆ ಗುರಿಯ ಮೇಲೆ ತಾನಾಗಿ ಕುಳಿತಿರುವುದು ಯಾವ ಭುಜದಲ್ಲಿ ಎಂದು ಬರೆದಿಡಿ.

ರೈಫಲ್ ಆರಿಸುವಾಗ ನಳಿಗೆಯನ್ನು ನಡುವೆ ಮುರಿದು ತುಂಬುವ ಸ್ಪ್ರಿಂಗ್ ಏರ್ ರೈಫಲನ್ನೇ ಮೊದಲು ನೋಡಿ. ಅದಕ್ಕೆ ಎಡ-ಬಲದ ಭೇದವಿಲ್ಲ. ಬದಿಯಲ್ಲಿ ಸನ್ನೆಕೋಲು ಇರುವ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ ಬಲಕ್ಕಿರುತ್ತದೆ. ಹಿಡಿಯಲ್ಲಿ ಕೆನ್ನೆ ಒರಗುವ ಉಬ್ಬು ಎರಡೂ ಬದಿಗೆ ಸಮವಾಗಿದೆಯೇ ಎಂದು ಕೈಯಾಡಿಸಿ ನೋಡಿ. ಬಲಗೈಯವರಿಗೆಂದೇ ಮಾಡಿದ ಹಿಡಿಯಲ್ಲಿ ಉಬ್ಬು ಎಡಬದಿಗೆ ಮಾತ್ರ ಇರುತ್ತದೆ, ಎಡಭುಜಕ್ಕೆ ಅದು ಉಪದ್ರವೇ.

ಮಂಜೇಶ್ವರದಿಂದ ಆಸ್ಟಿನ್‌ಗೆ

ಮಾಷ್ಟ್ರ ಮಾತನ್ನು ಒಪ್ಪುತ್ತಲೇ, ಸೆಮಿ-ಆಟೊಮ್ಯಾಟಿಕ್ ಬಗ್ಗೆ ತೋಟಿಗರ ಊಹೆ ಅರ್ಧ ಸರಿ ಎಂದು ಹೇಳಬೇಕಾಗಿದೆ. ನಾನು ಟೆಕ್ಸಾಸ್‌ನಲ್ಲಿರುವುದರಿಂದ ಇಲ್ಲಿ ಅಂಥ ರೈಫಲ್ ಕೊಳ್ಳುವುದು ಸುಲಭ, ಮತ್ತು ನನಗೂ ಇದೇ ಅಡ್ಡಗಣ್ಣಿನ (ಕೈ ಒಂದು ಬದಿ, ಪ್ರಬಲ ಕಣ್ಣು ಇನ್ನೊಂದು ಬದಿ) ಸಮಸ್ಯೆ ಇದೆ. ಬೋಲ್ಟ್ ರೈಫಲಿನಲ್ಲಿ ಬೋಲ್ಟಿನ ಹಿಡಿಕೆ ಬಲಕ್ಕಿರುವುದರಿಂದ ಎಡಭುಜದವನು ಪ್ರತಿ ಸಲವೂ ಎಡಗೈಯನ್ನು ರೈಫಲಿನ ಮೇಲಿಂದ ದಾಟಿಸಬೇಕು, ಇಲ್ಲವೇ ಆಧಾರದ ಬಲಗೈಯನ್ನು ಬಿಡಿಸಿಕೊಳ್ಳಬೇಕು. ಸೆಮಿ-ಆಟೊಮ್ಯಾಟಿಕ್‌ನಲ್ಲಿ ಈ ಕಸರತ್ತು ಇಲ್ಲ ಎಂಬುದು ನಿಜ.

ಆದರೆ ಖಾಲಿ ತೋಟೆ ಎಲ್ಲಿಗೆ ಹಾರುತ್ತದೆ ಎಂಬುದನ್ನು ನಿಮ್ಮ ಭಾವ ವೀಡಿಯೊದಲ್ಲಿ ತೋರಿಸಿರಲಿಕ್ಕಿಲ್ಲ. ಹೆಚ್ಚಿನ ರೈಫಲ್‌ಗಳಲ್ಲಿ ಅದು ಬಲಬದಿಯ ಕಿಂಡಿಯಿಂದ ಹೊರಬರುತ್ತದೆ. ಎಡಭುಜದಲ್ಲಿಟ್ಟಾಗ ಆ ಕಿಂಡಿ ನಿಮ್ಮ ಮುಖದ ಎದುರಿಗೇ, ಬಲಗೈಯ ಮೇಲ್ಬದಿಗೇ ಇರುತ್ತದೆ. ಮೊದಲ ದಿನವೇ ಬಿಸಿ ತೋಟೆಯೊಂದು ನನ್ನ ಅಂಗಿಯ ಕಾಲರಿನೊಳಗೆ ಜಾರಿತು. ನಾನು ಕುಣಿಯುವುದನ್ನು ಕಂಡ ರೇಂಜಿನ ಮೇಲ್ವಿಚಾರಕರು ಮೊದಲು ನೋಡಿದ್ದು ನನ್ನನ್ನಲ್ಲ, ನಳಿಗೆ ಯಾವ ಕಡೆಗಿದೆ ಎಂಬುದನ್ನು. ಅದೇ ಸರಿಯಾದ ಕ್ರಮ. ಕುತ್ತಿಗೆಯ ಮೇಲೆ ಅರ್ಧ ಇಂಚಿನ ಕಲೆ ಎರಡು ವಾರ ಇತ್ತು. ಅಂದಿನಿಂದ ಕಾಲರ್ ಮುಚ್ಚುವ ಅಂಗಿ, ಕಣ್ಣಿಗೆ ಬದಿ ಮುಚ್ಚಿದ ಕನ್ನಡಕ, ತಲೆಗೆ ಟೋಪಿ ಇಲ್ಲದೆ ನಾನು ಹೋಗುವುದಿಲ್ಲ.

ಇಲ್ಲಿ ಹೊಸಬರು ಬಹಳವಾಗಿ ಕೊಳ್ಳುವ ರೂಗರ್ 10/22 ರೈಫಲ್ 1964ರಿಂದ ಮಾರುಕಟ್ಟೆಯಲ್ಲಿದೆ. ಅದರ ಬೋಲ್ಟಿನ ಹಿಡಿಕೆ ಬಲಕ್ಕಿದೆ, ಸೇಫ್ಟಿ ಗುಂಡಿಯೂ ಬಲಗೈ ಬೆರಳಿಗೆ ಹೊಂದಿಸಿದ್ದು. ಆದರೆ .22 ತೋಟೆ ಚಿಕ್ಕದು, ಸದ್ದು ಮತ್ತು ಒದೆತ ಕಡಿಮೆ, ಹಾಗಾಗಿ ಎಡಭುಜದವರೂ ಹೊಂದಿಕೊಳ್ಳುತ್ತಾರೆ. ಎಆರ್-15 ಜಾತಿಯ ರೈಫಲ್‌ಗಳಲ್ಲಿ ಕಿಂಡಿಯ ಹಿಂದೆ ಒಂದು ಉಬ್ಬು ಇರುತ್ತದೆ. ಅಮೆರಿಕದ ಸೇನೆಯ ಎಂ16ಎ2 ಮಾದರಿಯಿಂದ ಬಂದ ಆ ಉಬ್ಬು, ಖಾಲಿ ತೋಟೆ ಎಡಗೈಯವರ ಮುಖಕ್ಕೆ ಹಾರದಂತೆ ಮುಂದಕ್ಕೆ ತಳ್ಳುತ್ತದೆ. ಬೋಲ್ಟ್ ಎಳೆಯುವ ಹಿಡಿಕೆ ಹಿಂದುಗಡೆ ನಡುವಿನಲ್ಲಿರುವುದು ಒಳ್ಳೆಯದು, ಸೇಫ್ಟಿಯನ್ನು ಎರಡೂ ಬದಿಗೆ ಹಾಕಿಸಬಹುದು. ನಾನು ಸ್ಪಷ್ಟವಾಗಿ ಬೇಡವೆನ್ನುವುದು ಬುಲ್‌ಪಪ್ ಎಂಬ ಗಿಡ್ಡ ವಿನ್ಯಾಸವನ್ನು: ಅದರಲ್ಲಿ ತೋಟೆಯ ಕಿಂಡಿ ಟ್ರಿಗರಿಗಿಂತ ಹಿಂದೆ, ಸರಿಯಾಗಿ ಕೆನ್ನೆಯ ಜಾಗದಲ್ಲಿರುತ್ತದೆ. ಕೆಳಮುಖವಾಗಿ ಅಥವಾ ಮುಂದಕ್ಕೆ ತೋಟೆ ಬಿಡುವ ಮಾದರಿಗಳನ್ನು ಬಿಟ್ಟರೆ ಎಡಭುಜಕ್ಕೆ ಅದು ಹೇಳಿದ್ದಲ್ಲ.

ಊರಿನಲ್ಲಿರುವ ತೋಟಿಗರಿಗೆ ಇದು ತಿಳಿವಳಿಕೆಗೆ ಮಾತ್ರ. ರಜೆಯಲ್ಲಿ ಇಲ್ಲಿಗೆ ಬಂದು ಭಾವನ ರೈಫಲ್ ಹಾರಿಸುವುದಾದರೆ ಕಾಲರ್ ನೆನಪಿರಲಿ.

ಮುಳ್ಳೇರಿಯ 10 ಮೀಟರ್

ನಾನು ಮಾಷ್ಟ್ರಿಗೆ ವಿನಯದಿಂದ ಭಿನ್ನಮತ ಸೂಚಿಸುತ್ತೇನೆ. ನಿಂತ ಗುರಿಗೆ ಹಾರಿಸುವ ರೈಫಲಿನಲ್ಲಿ ಭುಜ ಬದಲಿಸಲೇಬೇಕೆಂದಿಲ್ಲ. ಹಾರುವ ಗುರಿಗೆ ಎರಡೂ ಕಣ್ಣು ತೆರೆದು ಕೋವಿ ಬೀಸುವವರಿಗೆ ಅಡ್ಡಗಣ್ಣು ದೊಡ್ಡ ತೊಡಕು, ನಮಗೆ ಅಷ್ಟಿಲ್ಲ. ನಾನೂ ಎಡಗಣ್ಣಿನವನೇ. ಬಲಭುಜದಿಂದ ಹಾರಿಸುತ್ತೇನೆ, ಎಡಗಣ್ಣಿನ ಎದುರಿಗೆ ಮರೆ ಇಡುತ್ತೇನೆ. ಕಣ್ಣಿನ ಎದುರು 30 ಮಿಲಿಮೀಟರ್ ಅಗಲದವರೆಗಿನ ಮರೆಯನ್ನು ಅಂತರರಾಷ್ಟ್ರೀಯ ನಿಯಮವೂ ಒಪ್ಪುತ್ತದೆ. ಕಣ್ಣನ್ನು ಬಿಗಿಯಾಗಿ ಮುಚ್ಚಬಾರದು. ಮುಖದ ಸ್ನಾಯು ಸೋಲುತ್ತದೆ, ತೆರೆದ ಕಣ್ಣಿನ ರೆಪ್ಪೆಯೂ ನಡುಗುತ್ತದೆ. ಮರೆ ಕಪ್ಪಾಗಿಯೂ ಇರಬಾರದು. ಒಂದು ಕಣ್ಣಿಗೆ ಕತ್ತಲಾದರೆ ಇನ್ನೊಂದರ ಪಾಪೆಯೂ ಹಿಗ್ಗುತ್ತದೆ, ಸೈಟ್ ಮಸುಕಾಗುತ್ತದೆ. ನಾನು ಮೊದಲು ಬಳಸಿದ್ದು ಮುಟ್ಟಾಳೆಯ ಅಂಚಿಗೆ ಬಟ್ಟೆ ಒಣಗಿಸುವ ಕ್ಲಿಪ್‌ನಿಂದ ತೂಗುಬಿಟ್ಟ ಬಿಳಿ ಪ್ಲಾಸ್ಟಿಕ್ ಡಬ್ಬಿಯ ತುಂಡು. ಕ್ಲಬ್ಬಿನಲ್ಲಿ ನಕ್ಕರು, ಆದರೆ ಬೆಳಕು ಬಿಡುವ, ಚಿತ್ರ ಬಿಡದ ಮರೆ ಅದಕ್ಕಿಂತ ಅಗ್ಗದಲ್ಲಿ ಸಿಗುವುದಿಲ್ಲ.

ಹಿಂದಿನ ಸೈಟ್ ಸಣ್ಣ ರಂಧ್ರದ್ದಾಗಿದ್ದರೆ ಅದರ ಹಿಂದಿರುವ ಕಣ್ಣೇ ಗೆಲ್ಲುತ್ತದೆ. ದೂರದರ್ಶಕವೂ ಹಾಗೆಯೇ, ದೊಡ್ಡದಾಗಿ ಕಾಣುವ ಚಿತ್ರವನ್ನು ಮಿದುಳು ಆರಿಸಿಕೊಳ್ಳುತ್ತದೆ. ತೆರೆದ ಸೈಟ್‌ನಲ್ಲಿ ಮಾತ್ರ ಕಣ್ಣುಗಳ ಜಗಳ ಜೋರು.

ಉಪ್ಪಳದ ಕನ್ನಡಕದಂಗಡಿ

ಚರ್ಚೆಯ ನಡುವೆ ವೃತ್ತಿಯ ಒಂದು ಮಾತು. ಪ್ರಬಲ ಕಣ್ಣು ಎಂದರೆ ಸ್ಪಷ್ಟ ಕಣ್ಣು ಎಂದರ್ಥವಲ್ಲ. ಸುಮಾರು ಮೂರನೇ ಎರಡು ಪಾಲು ಜನರಿಗೆ ಬಲಗಣ್ಣು ಪ್ರಬಲ, ಉಳಿದವರಲ್ಲಿ ಹೆಚ್ಚಿನವರಿಗೆ ಎಡಗಣ್ಣು. ಇದರಲ್ಲಿ ರೋಗವೇನೂ ಇಲ್ಲ. ಆದರೆ ಬಲಗಣ್ಣಿನ ಪವರ್ ಕಡಿಮೆಯಾಗಿ ಅಥವಾ ಪೊರೆ ಪ್ರಾರಂಭವಾಗಿ ಮಿದುಳು ಎಡಕ್ಕೆ ವಾಲಿರುವ ಸಾಧ್ಯತೆಯೂ ಇದೆ. ತೋಟಿಗರು ಯಾವ ಭುಜವೆಂದು ತೀರ್ಮಾನಿಸುವ ಮೊದಲು ಒಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಲಿ, ಕನ್ನಡಕ ಬಂದರೆ ಅದನ್ನು ಹಾಕಿಕೊಂಡೇ ಹಾಳೆಯ ತೂತಿನ ಪರೀಕ್ಷೆಯನ್ನು ಮತ್ತೆ ಮಾಡಲಿ. ಹಾಳೆಯನ್ನು ಒಂದೇ ಕೈಯಲ್ಲಿ ಹಿಡಿದರೆ ಆ ಕೈಯ ಕಡೆಗೆ ಫಲಿತಾಂಶ ಜಾರಬಹುದು. ಎರಡೂ ಕೈಗಳಲ್ಲಿ ಹಿಡಿಯಿರಿ.

ಬದಿಯಡ್ಕದ ತೋಟಿಗ

ಎಲ್ಲರಿಗೂ ಕೃತಜ್ಞತೆಗಳು. ಕಣ್ಣಿನ ಪರೀಕ್ಷೆ ಮಾಡಿಸಿದೆ, ಎರಡೂ ಕಣ್ಣಿನ ದೃಷ್ಟಿ ಸರಿಯಾಗಿದೆ. ಎರಡೂ ಕೈಯಲ್ಲಿ ಹಾಳೆ ಹಿಡಿದರೂ ಎಡಗಣ್ಣೇ. ಹಲಗೆಯ ಪ್ರಯೋಗವನ್ನು ಹನ್ನೆರಡು ದಿನ ಮಾಡಿದ್ದೇನೆ. ಬಲಭುಜದಲ್ಲಿ ಕಣ್ಣು ತೆರೆದಾಗಲೆಲ್ಲ ಎರಡು ಮೊಳೆಗಳು ಕಾಣುತ್ತಿದ್ದವು, ಮುಳ್ಳೇರಿಯದವರ ಬಿಳಿ ಮರೆ ಇಟ್ಟಾಗ ಒಂದಾದವು. ಎಡಭುಜದಲ್ಲಿ ಮೊದಲ ನಾಲ್ಕು ದಿನ ಹಲಗೆ ಪರಕೀಯವೆನಿಸಿತು, ಎಂಟನೆಯ ದಿನದಿಂದ ಇಪ್ಪತ್ತರಲ್ಲಿ ಹದಿನೇಳು ಸಲ ಮೊಳೆ ಸರಿಯಾಗಿ ಗೂಡಿನ ಮೇಲೆಯೇ ಇತ್ತು, ಮರೆಯ ಅಗತ್ಯವೂ ಬೀಳಲಿಲ್ಲ. ಹೀಗಾಗಿ ಎಡಭುಜ ಮತ್ತು ನಳಿಗೆ ಮುರಿಯುವ .177 ಏರ್ ರೈಫಲ್ ಎಂದು ತೀರ್ಮಾನಿಸಿದ್ದೇನೆ. ಸೆಮಿ-ಆಟೊಮ್ಯಾಟಿಕ್ ಭಾವನ ಬಳಿಯೇ ಇರಲಿ. ಹಿಡಿಯ ಉದ್ದವನ್ನು ಅಂಗಡಿಯಲ್ಲಿ ಪರೀಕ್ಷಿಸುವುದು ಹೇಗೆ? ಮನೆಯ ಹಿಂದಿನ ಮುರಕಲ್ಲಿನ ಬರೆಯ ಎದುರು ಗುರಿ ನಿಲ್ಲಿಸಬಹುದೇ?

ನೀರ್ಚಾಲಿನ ಮಾಷ್ಟ್ರು

ಮೊಣಕೈಯನ್ನು ಮಡಚಿ, ರೈಫಲಿನ ಬಟ್ಟನ್ನು (ಹಿಡಿಯ ಹಿಂತುದಿಯನ್ನು) ಮೊಣಕೈಯ ಒಳಮಡಿಕೆಗೆ ಒತ್ತಿ ಹಿಡಿಯಿರಿ. ಎಡಗೈ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರನ್ನು ಮುಟ್ಟಿದರೆ ಉದ್ದ ಹೆಚ್ಚುಕಡಿಮೆ ಸರಿ. ಮುರಕಲ್ಲಿನ ಗಟ್ಟಿ ಮೈಗೆ ನೇರವಾಗಿ ಹಾರಿಸಬೇಡಿ, ಗುಂಡು ಸಿಡಿದು ಮರಳಿ ಬರುತ್ತದೆ. ಹಳೆಯ ಬಟ್ಟೆ ಬಿಗಿಯಾಗಿ ತುಂಬಿದ ಮರದ ಪೆಟ್ಟಿಗೆಯನ್ನು ಬರೆಯ ಮುಂದಿಟ್ಟು ಅದಕ್ಕೆ ಕಾಗದ ಅಂಟಿಸಿ. ಹತ್ತು ಮೀಟರನ್ನು ಹೆಜ್ಜೆಯಲ್ಲಿ ಅಳೆಯದೆ ಟೇಪಿನಲ್ಲೇ ಅಳೆಯಿರಿ, ಮತ್ತು ಮಗಳು ನೋಡಲು ಬಂದರೆ ಅವಳಿಗೂ ಒಂದು ಕನ್ನಡಕ ಹಾಕಿಸಿ ನಿಮ್ಮ ಬೆನ್ನ ಹಿಂದೆ ನಿಲ್ಲಿಸಿ.