ಕಕ್ಕಡದ ಮಳೆಯಲ್ಲಿ ಹೆರಿಗೆ: ತಂದೆಯಾಗುವವನು ಏನು ಕಲಿತಿರಬೇಕು?

ಪ್ರಶ್ನೆ (ನಾಪೋಕ್ಲು ಕಡೆಯಿಂದ)
ನನ್ನ ಹೆಂಡತಿಗೆ ಜುಲೈ ಕೊನೆಗೆ, ಕೊಡಗಿನ ಮಳೆತಿಂಗಳಾದ ಕಕ್ಕಡದಲ್ಲೇ, ದಿನ ತುಂಬುತ್ತದೆ. ಅತ್ತೆಯವರಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಿರುವುದರಿಂದ ಬಾಣಂತನ ನಮ್ಮ ಮನೆಯಲ್ಲೇ ನಡೆಯಬೇಕಾಗಿದೆ. ಹಗಲು ಕೆಲಸಕ್ಕೆ ಒಬ್ಬರು ಬರುತ್ತಾರಾದರೂ ರಾತ್ರಿ ನಾವಿಬ್ಬರೇ. ನಾನು ಇದುವರೆಗೆ ಹಸುಗೂಸನ್ನು ಎತ್ತಿಕೊಂಡವನೇ ಅಲ್ಲ. ಗಾಳಿಮಳೆಗೆ ಕರೆಂಟ್ ಹೋದರೆ ನಮ್ಮಲ್ಲಿ ದಿನಗಟ್ಟಲೆ ಬರುವುದಿಲ್ಲ; ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಿ ಎಂದು ನೆರೆಯವರು ಹೇಳುತ್ತಿದ್ದಾರೆ. ಅದು ಸರಿಯೇ? ಈಗಿನಿಂದಲೇ ಏನೇನು ಕಲಿಯಬೇಕು?

ಉತ್ತರ (ನಿವೃತ್ತ ಶುಶ್ರೂಷಕಿ, ವಿರಾಜಪೇಟೆ)
ಅಗ್ಗಿಷ್ಟಿಕೆ ಖಂಡಿತ ಬೇಡ. ಮಳೆಗೆಂದು ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಮಲಗಿದಲ್ಲೇ ಪ್ರಾಣ ಬಿಡಬಹುದು. ಸಾಂಬ್ರಾಣಿ ಹೊಗೆಯೂ ಕೂಸಿನ ಉಸಿರಾಟಕ್ಕೆ ಹಿತವಲ್ಲ.

ಬೆಚ್ಚಗಿಡಲು ನಿಮ್ಮ ಎದೆಯೇ ಸಾಕು. ಅಂಗಿ ಬಿಚ್ಚಿ ಒರಗಿ ಕುಳಿತು, ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ತೊಡಿಸಿದ ಕೂಸನ್ನು ಎದೆಗೆ ನೆಟ್ಟಗೆ ಅವಚಿ, ಅದರ ತಲೆಯನ್ನು ಒಂದು ಬದಿಗೆ ತಿರುಗಿಸಿ ಮೂಗು ಸದಾ ಕಾಣುವಂತೆ ಇಟ್ಟುಕೊಂಡು, ಮೇಲಿಂದ ಶಾಲು ಹೊದೆಯಿರಿ. ತಾಯಿಯಷ್ಟೇ ಚೆನ್ನಾಗಿ ತಂದೆಯೂ ಇದನ್ನು ಮಾಡಬಲ್ಲ. ತೂಕಡಿಕೆ ಬಂದ ಕೂಡಲೇ ಮಗುವನ್ನು ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸಿಬಿಡಬೇಕು. ಕಂಕುಳಲ್ಲಿಟ್ಟ ಥರ್ಮಾಮೀಟರ್ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಚಿಂತೆಯಿಲ್ಲ. ಹೊಕ್ಕುಳಿಗೆ ಅರಿಸಿನ, ಬೂದಿ, ಎಣ್ಣೆ ಯಾವುದನ್ನೂ ಹಚ್ಚದೆ ಒಣಗಿರುವಂತೆ ನೋಡಿಕೊಂಡರೆ ತಾನಾಗಿ ಉದುರುತ್ತದೆ.

ಇನ್ನು ಉಸಿರು ಎಣಿಸುವುದನ್ನು ಕಲಿಯಿರಿ. ಶಾಂತವಾಗಿ ಮಲಗಿದ ಕೂಸಿನ ಹೊಟ್ಟೆಯ ಏರಿಳಿತವನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಬೇಕು. ಮತ್ತೆ ಎಣಿಸಿದಾಗಲೂ 60 ಅಥವಾ ಅದಕ್ಕೂ ಹೆಚ್ಚಿದ್ದರೆ, ಎದೆ ಒಳಸೇದಿದರೆ, ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ ಅಥವಾ ಜ್ವರ ಬಂದರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗಲೆಂದು ಕಾಯದೆ ಹೊರಡಿ. ಮುಂದಿನ ತಪಾಸಣೆಗೆ ಹೆಂಡತಿಯ ಜೊತೆ ನೀವೂ ಹೋಗಿ, ಕೂಸಿನ ಕುತ್ತಿಗೆಗೆ ಕೈ ಆಸರೆ ಕೊಟ್ಟು ಎತ್ತುವುದನ್ನೂ ತೇಗಿಸುವುದನ್ನೂ ದಾದಿಯರಿಂದ ತೋರಿಸಿಕೊಳ್ಳಿ.

ಉತ್ತರ (ಇಬ್ಬರು ಮಕ್ಕಳ ತಂದೆ, ಸೋಮವಾರಪೇಟೆ)
ಮೇಡಂ ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಕಕ್ಕಡದಲ್ಲಿ ಬಟ್ಟೆ ಒಣಗುವುದಿಲ್ಲವೆಂಬುದು ನಿಮಗೆ ಗೊತ್ತೇ ಇದೆ. ಆದ್ದರಿಂದ ಹಳೆಯ ಹತ್ತಿ ಪಂಚೆಗಳನ್ನು ಈಗಲೇ ಹರಿದು, ಒಗೆದು, ಬಿಸಿಲಿರುವಾಗಲೇ ಒಣಗಿಸಿ ಕಟ್ಟಿಡಿ. ಮರ ಬಿದ್ದರೆ ಅಥವಾ ಬರೆ (ಗುಡ್ಡದ ಇಳಿಜಾರು) ಕುಸಿದರೆ ಬಳಸಬಹುದಾದ ಇನ್ನೊಂದು ದಾರಿಯನ್ನು ನೋಡಿಟ್ಟುಕೊಳ್ಳಿ. 108ಕ್ಕೆ ಕರೆ ಮಾಡಲು ನಿಮ್ಮ ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆಂದೂ ತಿಳಿದಿರಲಿ. ಮಡಿಕೇರಿಯಲ್ಲಿ ನೆಂಟರಿದ್ದರೆ ದಿನ ತುಂಬುವ ಮೊದಲೇ ಅಲ್ಲಿಗೆ ಹೋಗಿ ಉಳಿಯುವುದು ಎಲ್ಲಕ್ಕಿಂತ ಮೇಲು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕು. ಆಗ ತೋಟದ ಕೆಲಸ ಬಿಟ್ಟು ಮನೆಯಲ್ಲೇ ಇರಿ.

ಉತ್ತರ (ಗೃಹಿಣಿ, ಕುಶಾಲನಗರ)
ಹಾಲೂಡಿಸುವುದು ತಾಯಿಯ ಕೆಲಸವೆಂದು ಕೈಕಟ್ಟಿ ಕೂರಬೇಡಿ ಅಣ್ಣ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುವ ಕೂಸನ್ನು ರಾತ್ರಿ ಎತ್ತಿಕೊಡುವುದು, ತೇಗಿಸುವುದು, ಬಟ್ಟೆ ಬದಲಿಸುವುದು ನಿಮ್ಮದಾಗಲಿ. ಮೊದಲ ಹಾಲನ್ನು ಚೆಲ್ಲಿರೆನ್ನುವ, ಜೇನು ನೆಕ್ಕಿಸಿರೆನ್ನುವ ಹಿರಿಯರು ಬಂದೇ ಬರುತ್ತಾರೆ. ಎರಡೂ ಕೂಡದು; ಅವರಿಗೆ ಉತ್ತರ ಕೊಡುವ ಕೆಲಸವನ್ನು ಹಸಿ ಬಾಣಂತಿಯ ಮೇಲೆ ಹೊರಿಸಬಾರದು. ಆಕೆಯ ಅಳು, ನಿದ್ದೆಗೇಡು, ಬೇಸರ ಎರಡು ವಾರ ಕಳೆದರೂ ತಗ್ಗದಿದ್ದರೆ ಬಾಣಂತನದಲ್ಲಿ ಇದೆಲ್ಲ ಇದ್ದದ್ದೇ ಎಂದು ಬಿಡದೆ ವೈದ್ಯರಿಗೆ ತಿಳಿಸಿ.