ಕ್ವಾರಿ ಕಸದ ಗುಡ್ಡೆಗೆ ಮಣ್ಣು ಮುಚ್ಚೋ ವಿಚಾರ, ಭಾನುವಾರದೊಳಗೆ ಎಲ್ರೂ ಓದಿ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಹಿಂದ್ಗಡೆ ಹಳೇ ಕಲ್ಲು ಕ್ವಾರಿಲಿ ತುಂಬಿರೋ ಕಸದ ಮೇಲೆ ಮೊನ್ನೆಯಿಂದ ಟಿಪ್ಪರ್‌ಲಿ ಮಣ್ಣು ಬರ್ತಿದೆ. ಸೂಪರ್‌ವೈಸರ್‌ನ ಕೇಳ್ದೆ, ಮಳೆಗಾಲಕ್ಕೆ ಮುಂಚೆ ಮುಚ್ಚಿ ಗಿಡ ಹಾಕಿ ಪಾರ್ಕ್ ಮಾಡ್ಬಿಡ್ತೀವಿ ವಾಸ್ನೆ ಇರಲ್ಲ ಅಂದ. ಒಳ್ಳೇದೇ ಅನ್ನಿಸ್ತು, ಆದ್ರೂ ಗೊತ್ತಿರೋರು ಹೇಳಿ.

ಸೈಟ್ 31: ವಾಸ್ನೆ ಹೋದ್ರೆ ಸಾಕಪ್ಪಾ 🙏

ಸೈಟ್ 58: ವಾಸ್ನೆ ಸರಿ ಮೇಡಂ, ನೀರು? ನಮ್ ಬೋರ್ ನೀರು ರಾತ್ರಿ ಬಕೆಟ್‌ಗೆ ಹಿಡಿದಿಟ್ರೆ ಬೆಳಿಗ್ಗೆ ತೆಳು ಡಿಕಾಕ್ಷನ್ ತರ ಇರುತ್ತೆ, ಮೇಲೊಂದು ಪೊರೆ ಬೇರೆ. ಎರಡು ವರ್ಷದಿಂದ ಕುಡಿಯೋಕೆ ಕ್ಯಾನೇ ಗತಿ.

ಸೈಟ್ 114: 58 ಸರ್ ಹೇಳಿದ್ದೇ ಮೇನ್ ಪಾಯಿಂಟು. ರಿಟೈರ್ ಆಗೋವರ್ಗೂ ಮಣ್ಣು ಟೆಸ್ಟಿಂಗ್ ಲ್ಯಾಬಲ್ಲಿದ್ದೆ, ಸ್ವಲ್ಪ ಉದ್ದ ಆಗುತ್ತೆ ಬೈಕೋಬೇಡಿ. ಮಳೆ ನೀರು ಕಸದೊಳಗಿಂದ ಇಳಿದು ಕಪ್ಪು ರಸ ಆಗುತ್ತೆ, ಲೀಚೇಟ್ ಅಂತಾರಲ್ಲ ಅದು. ಹೊಸದಾಗಿ ಕಸದ ಗುಂಡಿ ಮಾಡೋರು ತಳಕ್ಕೆ 90 ಸೆಂ.ಮೀ. ಜೇಡಿಮಣ್ಣು ದಮ್ಮಸು ಮಾಡಿ ಅದರ ಮೇಲೆ 1.5 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಶೀಟ್ ಹಾಸ್ಬೇಕು ಅಂತ 2016ರ ಘನತ್ಯಾಜ್ಯ ರೂಲ್ಸಲ್ಲೇ ಇತ್ತು. ನಮ್ ಕ್ವಾರಿ ತಳದಲ್ಲಿ ಬರೀ ಬಂಡೆ. ಬಂಡೆ ಅಂದ್ರೆ ನೀರು ಇಳಿಯಲ್ಲ ಅನ್ಕೋಬೇಡಿ, ಮದ್ದು ಇಟ್ಟು ಸಿಡಿಸಿರೋದು, ಎಲ್ಲಾ ಬಿರುಕು, ನಮ್ ಬೋರ್‌ಗೆ ನೀರು ಬರೋದೂ ಅಂಥಾ ಬಿರುಕಲ್ಲೇ. ಕಸ ತೆಗೆಯದೆ ತಳ ಸರಿ ಮಾಡೋಕಾಗಲ್ಲ, ಹಂಗಾಗಿ ಸದ್ಯಕ್ಕೆ ನಮ್ ಕೈಲಿರೋದು ಮೇಲಿನ ಮುಚ್ಚಳ ಒಂದೇ, ಅದು ಮಳೆ ತಡೆದ್ರೆ ಹೊಸ ರಸ ಹುಟ್ಟೋದು ಕಮ್ಮಿ ಆಗುತ್ತೆ. ಅದಕ್ಕೂ ಆ ರೂಲ್ಸಲ್ಲೇ ಲೆಕ್ಕ ಇತ್ತು, 60 ಸೆಂ.ಮೀ. ಜೇಡಿ, ಮೇಲೆ ನೀರು ಪಕ್ಕಕ್ಕೆ ಹರಿಯೋಕೆ 15 ಸೆಂ.ಮೀ. ಪದರ, ಅದರ ಮೇಲೆ 45 ಸೆಂ.ಮೀ. ಗಿಡದ ಮಣ್ಣು. ಜೇಡಿ ಎಷ್ಟು ಬಿಗಿ ಇರ್ಬೇಕು ಅಂದ್ರೆ ವರ್ಷಕ್ಕೆ ಹೆಚ್ಚುಕಮ್ಮಿ 3 ಸೆಂ.ಮೀ. ನೀರು ಇಳಿದ್ರೆ ಹೆಚ್ಚು, ಬೆಂಗಳೂರಲ್ಲಿ ಬೀಳೋದು 90 ಸೆಂ.ಮೀ. ಮೇಲೆ.

ಸೈಟ್ 31: ಈಗ ಹಾಕ್ತಿರೋದೂ ಮಣ್ಣೇ ಅಲ್ವಾ ಸರ್

ಸೈಟ್ 114: ಯಾವ್ದೋ ಬೇಸ್‌ಮೆಂಟ್ ಅಗೆದ ಕೆಮ್ಮಣ್ಣಮ್ಮ ಅದು, ಅರ್ಧ ಕಲ್ಲು. ವಾಕಿಂಗ್ ಹೋದಾಗ ಒಂದು ಕವರ್ ತಂದೆ. ನೆನೆಸಿ ಶಾವಿಗೆ ತರ ಹೊಸೆಯಕ್ಕೆ ನೋಡ್ದೆ, ಎರಡಿಂಚಿಗೇ ತುಂಡಾಯ್ತು, ಒಳ್ಳೇ ಜೇಡಿ ಆಗಿದ್ರೆ ಉದ್ದಕ್ಕೆ ಬರ್ಬೇಕಿತ್ತು. ನೀರಿನ ಬಾಟ್ಲಿ ತಳ ಕತ್ತರಿಸಿ ಬೋರಲು ಹಾಕಿ, ಮುಚ್ಚಳಕ್ಕೆ ತೂತು ಮಾಡಿ, ಬಟ್ಟೆ ಇಟ್ಟು, ಮಣ್ಣು ಅದುಮಿ ತುಂಬಿ ಒಂದು ಲೋಟ ನೀರು ಹಾಕ್ದೆ, ಕಾಫಿ ಕುಡಿದು ಮುಗಿಸೋಷ್ಟ್ರಲ್ಲಿ ಕೆಳಗೆ ತೊಟ್ಟಿಕ್ತಿತ್ತು. ಇದೇನು ಲ್ಯಾಬ್ ಟೆಸ್ಟ್ ಅಲ್ಲ ಒಪ್ತೀನಿ.

ಸೈಟ್ 9: ಅಂಕಲ್ ನಮ್ ಚಳ್ಳಕೆರೆ ಕಡೆ ಮಾಳಿಗೆ ಮನೆ ಮೇಲೆ ಕರ್ಲು ಮಣ್ಣು ಹಾಕೋರು, ಮುಂಗಾರಿಗೆ ಮುಂಚೆ ನಮ್ ತಾತ ಗಾಡಿಲಿ ತಂದು ಹರವೋರು, ಸೋರ್ತಾನೇ ಇರ್ಲಿಲ್ಲ. ಆ ನೆಲದಲ್ಲಿ ಬೆಳೆ ಮಾತ್ರ ಏನೂ ಬರಲ್ಲ

ಸೈಟ್ 114: ಸರಿಯಾಗ್ ಹೇಳ್ದೆ ಮಗಾ! ಅದ್ರಲ್ಲಿ ಸೋಡಿಯಂ ಜಾಸ್ತಿ, ನೀರು ತಾಗಿದ್ ತಕ್ಷಣ ಕಣ ಬಿಡಿಬಿಡಿ ಆಗಿ ಸಂದೆಲ್ಲ ಮುಚ್ಕೊಳುತ್ತೆ. ಸೋಡಿಯಂ ಬೆಂಟೊನೈಟ್ ಅಂತ ಇನ್ನೊಂದು ಜೇಡಿ ಬರುತ್ತೆ ಕಛ್, ಬಾರ್ಮೇರ್ ಕಡೆಯಿಂದ, ಮನೆ ಅರ್ಥಿಂಗ್ ಗುಂಡಿಗೆ ಹಾಕೋ ಪುಡಿನೂ ಬೆಂಟೊನೈಟೇ, ನೀರು ಕುಡಿದು ಹಲವು ಪಟ್ಟು ಉಬ್ಬುತ್ತೆ. ಕಲ್ಲು ಜರಡಿ ಹಿಡಿದು ಇದೇ ಕೆಮ್ಮಣ್ಣಿಗೆ ಅದನ್ನ ಬೆರೆಸಿದ್ರೂ ನಡೆಯುತ್ತೆ, ಆ 2016ರ ರೂಲ್ಸಲ್ಲೂ ಅವಕಾಶ ಇತ್ತು, ಎಷ್ಟು ಪರ್ಸೆಂಟ್ ಅಂತ ಟೆಸ್ಟ್ ಮಾಡಿ ಹೇಳ್ಬೇಕು.

ಸೈಟ್ 76: ಎರೆಮಣ್ಣು ತರ್ಸಿದ್ರೆ ಮುಗೀತಲ್ಲ ಸಾರ್, ಯಾಕಷ್ಟು ಖರ್ಚು

ಸೈಟ್ 114: ಎರೆ ಒದ್ದೆ ಇರೋವರ್ಗೂ ರಾಜ. ಏಪ್ರಿಲ್‌ಲಿ ಗದಗದ ಕಡೆ ಹೊಲ ನೋಡಿ, ಬಿರುಕಲ್ಲಿ ಕೈ ಹೋಗುತ್ತೆ, ಮೊದಲ್ನೇ ಮಳೆ ಎಲ್ಲಾ ಅದ್ರಲ್ಲೇ ಇಳಿಯುತ್ತೆ. ಬೆಂಟೊನೈಟ್‌ಗೂ ರೋಗ ಇದೆ, ಕ್ಯಾಲ್ಸಿಯಂ ಇರೋ ನೀರು ತಾಗ್ತಾ ತಾಗ್ತಾ ಸೋಡಿಯಂ ಬಿಟ್ಕೊಟ್ಟು ಉಬ್ಬೋದು ಕಮ್ಮಿ ಮಾಡುತ್ತೆ. ನನ್ನ ಕೇಳಿದ್ರೆ ಯಾವ ಮಣ್ಣು ಅನ್ನೋದಕ್ಕಿಂತ ಹೆಂಗೆ ಹಾಕ್ತಾರೆ ಅನ್ನೋದೇ ದೊಡ್ಡದು, ಹೆಂಟೆ ಒಡೀಬೇಕು, 15–20 ಸೆಂ.ಮೀ. ಪದರ ಪದರವಾಗಿ ಹದಕ್ಕಿಂತ ತುಸು ಜಾಸ್ತಿನೇ ನೀರು ಹಾಕಿ ಶೀಪ್‌ಫುಟ್ ರೋಲರ್ (ಗುಬಟು ಗುಬಟು ಇರೋ ರೋಲರ್) ಓಡಿಸ್ಬೇಕು. ಅಲ್ಲಿ ಸುರಿದು ಜೆಸಿಬಿ ಬಕೆಟ್‌ಲಿ ತಟ್ತಿದಾರೆ ಅಷ್ಟೇ.

ಸೈಟ್ 22: ಗ್ಯಾಸ್? ಮುಚ್ಚಿಬಿಟ್ರೆ ಎಲ್ಲಿಗ್ ಹೋಗುತ್ತೆ

ಸೈಟ್ 114: ಒಳ್ಳೇ ಪ್ರಶ್ನೆ, ಮೀಥೇನ್‌ಗೆ ಪೈಪ್ ಬಿಡ್ಲೇಬೇಕು. ಕೆಲಸ ಮಾಡಿಸ್ತಿರೋರಿಗೆ ಲೆಟರ್ ಬರೆದ್ರೆ ಅದನ್ನೂ ಸೇರ್ಸಿ.

ಅಡ್ಮಿನ್: ಸರಿ ಹಂಗಾದ್ರೆ. ಕೆಲಸ ನಿಲ್ಸಿ ಅಂತ ಕೇಳೋದು ಬೇಡ, ಮುಚ್ಚೋದಾದ್ರೆ ನೆಟ್ಟಗೆ ಮುಚ್ಚಿ ಅಂತ ಕೇಳೋಣ, ಇಲ್ಲಾಂದ್ರೆ ಪಾರ್ಕ್ ಬೇಡ ಅಂತಾರೆ ಇವ್ರು ಅಂತ ಪ್ರಚಾರ ಮಾಡ್ತಾರೆ. ಮಣ್ಣಿನ ಪರ್ಮಿಯೆಬಿಲಿಟಿ, ಅಂದ್ರೆ ನೀರು ಎಷ್ಟು ಬೇಗ ಇಳಿಯುತ್ತೆ ಅನ್ನೋ ರಿಪೋರ್ಟ್ ತೋರಿಸ್ಲಿ.

ಸೈಟ್ 114: ಆ ಟೆಸ್ಟಿನ ಇಂಡಿಯನ್ ಸ್ಟ್ಯಾಂಡರ್ಡ್ ಐಎಸ್ 2720 ಭಾಗ 17 ಅಂತ ನಂಬರ್ ಹಾಕಿ ಬರೀರಿ, ಆಗ ಸುಮ್ನೆ ಏನೋ ಕಾಗದ ಕೊಡಕ್ಕಾಗಲ್ಲ.

ಸೈಟ್ 58: ಮೂರು ಬೋರ್ ನೀರು ಸೋಮವಾರ ನಾನೇ ಲ್ಯಾಬ್‌ಗೆ ಕೊಡ್ತೀನಿ, ಟಿಡಿಎಸ್, ನೈಟ್ರೇಟ್, ಅಮೋನಿಯಾ, ಕ್ಲೋರೈಡ್. ನೈಟ್ರೇಟ್ ಲೀಟರ್‌ಗೆ 45 ಮಿ.ಗ್ರಾಂ. (ಕುಡಿಯೋ ನೀರಿನ ಮಿತಿ) ದಾಟಿದ್ರೆ ಲೆಟರ್ ಜೊತೆ ಲಗತ್ತಿಸೋಣ. ದುಡ್ಡು ಎಲ್ರೂ ಹಂಚ್ಕೊಳಿ ಅಷ್ಟೇ 😀

ಸೈಟ್ 31: ಲೆಟರ್ ನಾನು ಬರೀತೀನಿ. ಸರ್ ಈಗ ಮತ್ತೆ ಮೂರು ಟಿಪ್ಪರ್ ಹೋಯ್ತು, ಬಾಲ್ಕನಿಯಿಂದ ಫೋಟೋ ತೆಗೀತಿದೀನಿ

ಸೈಟ್ 114: ರಾತ್ರಿ ಮಳೆ ಬಂದಿದ್ಯಲ್ಲ, ವಾಪಸ್ ಬರೋವಾಗ ಟೈರ್ ನೋಡಮ್ಮ. ಜೇಡಿ ಆಗಿದ್ರೆ ಮೆತ್ಕೊಂಡಿರುತ್ತೆ.

ಸೈಟ್ 31: ಟೈರ್ ಕ್ಲೀನಾಗಿದೆ ಸರ್