ಶಾಲೆ ಎದುರು ಮದ್ಯದಂಗಡಿ ಬೇಡ ಅಂತ ಊರನ್ನು ಒಟ್ಟು ಸೇರಿಸುವುದು ಹೇಗೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ, ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಿಂದ:

ನಮ್ಮೂರ ಪ್ರಾಥಮಿಕ ಶಾಲೆ ಎದುರಿಗೆ, ರಸ್ತೆಯ ಆಚೆ ಬದಿ, ಹೊಸ ಕಟ್ಟಡ ಏಳುತ್ತಿದೆ. ಅಲ್ಲಿ ಮದ್ಯದಂಗಡಿ ಬರುತ್ತದೆ ಅಂತ ಎಲ್ಲರ ಬಾಯಲ್ಲೂ ಇದೆ. ಸ್ವಸಹಾಯ ಸಂಘದ ಹನ್ನೆರಡು ಹೆಂಗಸರು ಸೇರಿ ಬೇಡ ಅಂತ ತೀರ್ಮಾನ ಮಾಡಿದ್ದೇವೆ. ಒಮ್ಮೆ ಪಂಚಾಯ್ತಿಗೆ ಹೋಗಿ ಹೇಳಿ ಬಂದೆವು. "ನಮ್ಮ ಕೈಯಲ್ಲಿ ಏನೂ ಇಲ್ಲಮ್ಮ" ಅಂದರು. ನಮ್ಮಲ್ಲಿ ಯಾರಿಗೂ ಹೋರಾಟ ಮಾಡಿ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು? ಉಳಿದವರನ್ನು ಹೇಗೆ ಕರೆದುಕೊಳ್ಳಬೇಕು? ಮಾಡಿದವರು ಹೇಳಿ.

ರಾಯಚೂರು ಜಿಲ್ಲೆಯಿಂದ, ಸ್ತ್ರೀಶಕ್ತಿ ಸಂಘದ ಸದಸ್ಯೆ:

ಅಕ್ಕಾ, ಮೊದಲು ಅಳತೆ ಟೇಪು ಹಿಡಿದು ಶಾಲೆ ಗೇಟಿಗೆ ಹೋಗಿ. ಮನವಿ, ಸಭೆ, ಧರಣಿ ಎಲ್ಲ ಆಮೇಲೆ. ಅಬಕಾರಿ ಲೈಸೆನ್ಸುಗಳಿಗೆ 1967ರ ನಿಯಮಗಳಿವೆ. ಅದರಲ್ಲಿ 5ನೇ ನಿಯಮ ನೋಡಿ. ಶಾಲೆ, ಆಸ್ಪತ್ರೆ, ದೇವಸ್ಥಾನ, ಮಸೀದಿಯಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಲೈಸೆನ್ಸ್ ಕೊಡುವಂತಿಲ್ಲ. ಫೋನಿನ ಮ್ಯಾಪಿನಲ್ಲಿ ಎಳೆದ ನೇರ ಗೆರೆ ಲೆಕ್ಕಕ್ಕೆ ಬರುವುದಿಲ್ಲ. ಜನ ನಡೆದು ಹೋಗುವ ಹತ್ತಿರದ ದಾರಿಯಲ್ಲಿ, ಅಂಗಡಿ ಬಾಗಿಲಿನ ನಡುಮಧ್ಯದಿಂದ ಶಾಲೆ ಗೇಟಿನ ನಡುಮಧ್ಯಕ್ಕೆ ಅಳೆಯಬೇಕು.

ಇದು ಗೊತ್ತಿಲ್ಲದೆ ನಾವು ಆರು ತಿಂಗಳು ಹಾಳು ಮಾಡಿಕೊಂಡೆವು. ಹೋದಲ್ಲೆಲ್ಲ "ಆಯ್ತು, ನೋಡ್ತೀವಿ" ಅನ್ನುತ್ತಿದ್ದರು. ಒಂದು ದಿನ ಬಿಸಿಯೂಟದ ಅಕ್ಕ "ನೀವು ಅಳೆದು ನೋಡೀರೇನು?" ಅಂತ ಕೇಳಿದಳು. ಗೌಂಡಿ ಹತ್ತಿರ ಮೂವತ್ತು ಮೀಟರಿನ ಟೇಪು ಇತ್ತು, ಇಸಿದುಕೊಂಡೆವು. ಟೇಪು ಮುಗಿದಲ್ಲೆಲ್ಲ ರಂಗೋಲಿ ಪುಡಿಯಿಂದ ಗುರುತು ಹಾಕಿದೆವು. 81 ಮೀಟರ್ ಬಂತು. ನಂಬಿಕೆ ಬರದೆ ಇನ್ನೊಮ್ಮೆ ಅಳೆದೆವು. ಮತ್ತೆ 81. ಅಲ್ಲೇ ಶಾಲೆ ಕಟ್ಟೆ ಮೇಲೆ ಕೂತು ನೋಟ್‌ಬುಕ್ ಹಾಳೆಯಲ್ಲಿ ಬರೆದೆವು. ಹನ್ನೊಂದು ಸಹಿ, ಎರಡು ಹೆಬ್ಬೆಟ್ಟು. ಆಮೇಲೆ ಯಾವ ಕಚೇರಿಗೆ ಹೋದರೂ ಮೊದಲು ಆ ಹಾಳೆ ಮೇಜಿನ ಮೇಲೆ ಇಡುತ್ತಿದ್ದೆವು. "ನಾವು ಹಿಂದಿನ ಗೇಟಿನಿಂದ ಅಳೆದಿದ್ದೇವೆ" ಅಂದರು ಒಬ್ಬರು. ಆ ಗೇಟಿಗೆ ವರ್ಷಗಟ್ಟಲೆ ಬೀಗ. ಒಳಗೆ ಜಾಲಿ ಬೆಳೆದು ನಿಂತಿತ್ತು. ಅದರ ಫೋಟೋನೂ ಕೊಟ್ಟೆವು. ಕೊನೆಗೆ ಅಂಗಡಿ ಅಲ್ಲಿ ಬರಲಿಲ್ಲ. ಊರ ಹೊರಗೆ ಹೋಯಿತು. ಪೂರ್ತಿ ನಿಂತಿಲ್ಲ, ಆ ನೋವು ಇದೆ. ಆದರೆ ಮಕ್ಕಳ ಕಣ್ಣೆದುರು ಇಲ್ಲ.

ಜನರನ್ನು ಸೇರಿಸುವ ವಿಷಯ. ಸಭೆ ಅಂತ ಡಂಗುರ ಹೊಡೆಸಬೇಡಿ. ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಇಬ್ಬಿಬ್ಬರು ಮನೆ ಮನೆಗೆ ಹೋಗಿ. ಹೋದ ಕೂಡಲೇ ಸಹಿ ಕೇಳಬೇಡಿ. ಕೂತು ಅವರ ಮಾತು ಕೇಳಿ. ಗಂಡ ಕುಡಿಯುವ ಮನೆಯ ಹೆಂಗಸಿಗೆ ಸಹಿ ಹಾಕಲು ಭಯ ಇರುತ್ತದೆ. ಒತ್ತಾಯ ಮಾಡಬೇಡಿ, ಬೇರೆ ಕೆಲಸ ಕೊಡಿ. ನಮ್ಮಲ್ಲಿ ಒಬ್ಬಳು ಒಂದು ಕಾಗದಕ್ಕೂ ಸಹಿ ಹಾಕಲಿಲ್ಲ. ಆದರೆ ನಮ್ಮ ಇಡೀ ಫೈಲು ಅವಳ ಜೋಳದ ಹಿಟ್ಟಿನ ಡಬ್ಬಿಯೊಳಗೆ ಇತ್ತು. ಅಲ್ಲಿ ಯಾರೂ ಹುಡುಕುವುದಿಲ್ಲ ಅಲ್ವಾ.

ತುಮಕೂರು ಕಡೆಯಿಂದ, ಹಿಂದೆ ಪಂಚಾಯ್ತಿ ಸದಸ್ಯನಾಗಿದ್ದವನು:

ಬಾಯಲ್ಲಿ ಹೇಳಿ ಬಂದದ್ದು ಹೇಳದ ಹಾಗೆಯೇ. ಎರಡು ಪ್ರತಿ ಮಾಡಿ. ಒಂದು ಕೊಡಿ, ಇನ್ನೊಂದರ ಮೇಲೆ ಸೀಲು, ತಾರೀಖು, ಟಪಾಲು ನಂಬರ್ ಹಾಕಿಸಿಕೊಳ್ಳಿ. ಹಾಕುವುದಿಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ.

ಮುಂದಿನ ಗ್ರಾಮಸಭೆ ಬಿಡಬೇಡಿ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಕರೆಯಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆ ಆಗಬೇಕು. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಗ್ರಾಮಸಭೆಗೆ ಬಂದರೆ ಕೋರಂ ಆಗುತ್ತದೆ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ ಆದ ಹಾಗೆ. ನಾನು ಸದಸ್ಯನಾಗಿದ್ದಾಗ ಕಂಡದ್ದು ಹೇಳುತ್ತೇನೆ. ಜನ ಬಂದು ಕೂಗಾಡುತ್ತಾರೆ, ಎಲ್ಲರೂ "ಆಗಲಿ ಆಗಲಿ" ಅನ್ನುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ನಡಾವಳಿ ಪುಸ್ತಕ ಖಾಲಿ. ಸಂಜೆ ಅದರಲ್ಲಿ ಏನು ಬರೆಯುತ್ತಾರೆ ಅಂತ ಯಾರು ನೋಡುತ್ತಾರೆ? ಆದ್ದರಿಂದ ಠರಾವನ್ನು, ಅಂದರೆ ಸಭೆಯ ನಿರ್ಣಯವನ್ನು, ಮನೆಯಲ್ಲೇ ಬರೆದುಕೊಂಡು ಹೋಗಿ. ನಾಲ್ಕು ಸಾಲು ಸಾಕು. ಅದನ್ನು ಓದಿಸಿ, ಎಲ್ಲರೆದುರೇ ಪುಸ್ತಕಕ್ಕೆ ಇಳಿಸಿ, ಸಹಿ ಆದ ಮೇಲೆ ಫೋಟೋ ತೆಗೆದುಕೊಂಡೇ ಏಳಿ.

ಒಂದು ಮಾತು ನಿಜ. ಗ್ರಾಮಸಭೆ ಠರಾವು ಒಂದರಿಂದಲೇ ಲೈಸೆನ್ಸ್ ನಿಲ್ಲುವುದಿಲ್ಲ. ಲೈಸೆನ್ಸಿಗೆ ಸಹಿ ಬೀಳುವುದು ಜಿಲ್ಲೆಯಲ್ಲಿ. ಠರಾವಿನ ಪ್ರತಿ, ಅಳತೆ ಹಾಳೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಪತ್ರ, ಮೂರೂ ಸೇರಿಸಿ ಜಿಲ್ಲಾಧಿಕಾರಿಗೂ ಅಬಕಾರಿ ಉಪ ಆಯುಕ್ತರಿಗೂ ಕೊಡಿ.

ಧಾರವಾಡದಿಂದ:

ಲೈಸೆನ್ಸ್ ಅರ್ಜಿ ಬಂದಿದೆಯೋ ಇಲ್ಲವೋ ಅದನ್ನೇ ಮೊದಲು ತಿಳಿದುಕೊಳ್ಳಿ. ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ ಗಡುವು. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ. ನಾನು ಮೂರು ಪುಟ ಬರೆದು ಕಳಿಸಿ ವಾಪಸ್ ಪಡೆದಿದ್ದೇನೆ. ಊರಿನ ಕಷ್ಟ ಅದರಲ್ಲಿ ಬರೆಯಬೇಡಿ. "ಅರ್ಜಿಯ ನಕಲು ಮತ್ತು ಸ್ಥಳ ತನಿಖಾ ವರದಿಯ ನಕಲು ಕೊಡಿ" ಅಷ್ಟೇ ಸಾಕು.

ಬಳ್ಳಾರಿಯಿಂದ:

ಇದೆಲ್ಲ ಕಾಗದದಲ್ಲಿ ಮುಗಿಯುವುದಿಲ್ಲ. ನಾವು ರಸ್ತೆ ತಡೆ ಮಾಡಿದ ಮೇಲೆಯೇ ಅಧಿಕಾರಿಗಳು ಊರಿಗೆ ಬಂದದ್ದು.

ಮತ್ತೆ ರಾಯಚೂರಿನಿಂದ:

ಅಣ್ಣಾ, ನಿಮ್ಮಲ್ಲಿ ಕೇಸು ಬಿದ್ದರೆ ಕೋರ್ಟಿಗೆ ಓಡಾಡಿದವರು ಯಾರು? ನಮ್ಮ ಪಕ್ಕದೂರಲ್ಲಿ ಕೂಲಿ ಬಿಟ್ಟು ಹೆಣ್ಣುಮಕ್ಕಳೇ ಓಡಾಡಿದರು. ಧರಣಿ ಬೇಕು, ಬೇಡ ಅನ್ನುವುದಿಲ್ಲ. ಪೊಲೀಸರಿಗೆ ಮೊದಲೇ ಬರೆದು ತಿಳಿಸಿ, ಹಗಲು ಹೊತ್ತು, ಒಂದು ಬದಿಗೆ ಕೂತು ಮಾಡಿ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿ ನಡೆದರು. ನಮ್ಮ ಸಂಘದಿಂದ ಆರು ಜನ ಹೋಗಿದ್ದೆವು. ದಾರಿಯುದ್ದಕ್ಕೂ ಹಳ್ಳಿಯವರು ನೀರು, ಮಂಡಕ್ಕಿ ಹಿಡಿದು ನಿಂತಿದ್ದರು. ನನ್ನ ಪಾದ ಒಡೆದು ರಕ್ತ ಬಂದಾಗ ಗುರುತಿಲ್ಲದ ಅಜ್ಜಿಯೊಬ್ಬರು ತಮ್ಮ ಸೀರೆ ಸೆರಗು ಹರಿದು ಕಟ್ಟಿದರು. ನಿಷೇಧ ಬರಲಿಲ್ಲ. ಆದರೆ ಸಾರಾಯಿ ನಿಲ್ಲುವುದಿಲ್ಲ ಅನ್ನುತ್ತಿದ್ದ ಇದೇ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತಲ್ಲ.

ಬೆಳಗಾವಿ ಗಡಿ ಊರಿಂದ:

ನನ್ನ ತವರು ಮಹಾರಾಷ್ಟ್ರದ ಕಡೆ. ಅಲ್ಲಿ ಮದ್ಯದಂಗಡಿ ಬೇಕೋ ಬೇಡವೋ ಅಂತ ಊರೇ ಮತ ಹಾಕಬಹುದು. ಆ ಮತಚೀಟಿಯಲ್ಲಿ ನಿಂತ ಬಾಟಲಿ, ಅಡ್ಡ ಮಲಗಿದ ಬಾಟಲಿ ಎರಡು ಚಿತ್ರ ಇರುತ್ತವೆ. ನಿಯಮದಲ್ಲಿ ಹೇಳಿದಷ್ಟು ಮತ ಅಡ್ಡ ಬಾಟಲಿಗೆ ಬಿದ್ದರೆ ಅಂಗಡಿ ಮುಚ್ಚಬೇಕು. "ಆಡವಿ ಬಾಟ್ಲಿ" ಅನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಊರಿಗೆ ಆ ಹಕ್ಕು ಇಲ್ಲ. ಯಾಕೆ ಇಲ್ಲ ಅಂತ ಎಂಎಲ್‌ಎಯನ್ನೇ ಕೇಳಬೇಕು. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟಿದ್ದರು. ಒಂದು ಊರಿನ ಅಂಗಡಿ ತಪ್ಪಿಸಿದರೆ ಇನ್ನೊಂದು ಊರಿಗೆ ಹೋಗುತ್ತದೆ. ಹಾಗಾಗಿ ನಿಮ್ಮ ಕೆಲಸ ನಡೆಯುವಾಗಲೇ ಸುತ್ತಲಿನ ನಾಲ್ಕು ಊರಿನ ಸಂಘಗಳಿಗೂ ಹೇಳಿಡಿ.

ದೇವನಹಳ್ಳಿ ತಾಲ್ಲೂಕಿನಿಂದ:

ನಮ್ಮದು ಭೂಮಿ ವಿಷಯ, ಆದರೂ ಹೇಳಬೇಕು ಅನ್ನಿಸಿತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಧರಣಿ ಶುರುವಾಯಿತು. ಕೈಬಿಡುತ್ತೇವೆ ಅಂತ ಮುಖ್ಯಮಂತ್ರಿ ಹೇಳಿದ್ದು 2025ರ ಜುಲೈ 15ಕ್ಕೆ. ಮೂರು ವರ್ಷ ದಾಟಿತ್ತು. ನಡುವೆ ಚುನಾವಣೆ ಆಯಿತು, ಸರ್ಕಾರ ಬದಲಾಯಿತು. ಒಂದೇ ಪಕ್ಷವನ್ನು ನಂಬಿ ಕೂತಿದ್ದರೆ ಏನಾಗುತ್ತಿತ್ತೋ. ಎಲ್ಲ ಪಕ್ಷದವರಿಗೂ ಮನವಿ ಕೊಡಿ, ಮೈಕು ಯಾರ ಕೈಗೂ ಕೊಡಬೇಡಿ. ಇನ್ನೊಂದು, ಊರೊಳಗೇ "ಕೊಡೋಣ" ಅನ್ನುವವರೂ ಇರುತ್ತಾರೆ. ಕಟ್ಟಡದ ಮಾಲೀಕರು ನಿಮ್ಮೂರವರೇ ಇರಬಹುದು. ಅವರ ಮನೆಗೂ ಹೋಗಿ. ಬೇರೆ ಯಾವ ಅಂಗಡಿಗೆ ಬಾಡಿಗೆ ಕೊಡಬಹುದು ಅಂತ ಮಾತಾಡಿ. ನಾಳೆ ಮದುವೆಗೂ ತಿಥಿಗೂ ಮುಖ ನೋಡಬೇಕಾದವರು ಅವರು.

ಕೇಳಿದವರು, ಕೊಪ್ಪಳದಿಂದ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಇವತ್ತು ಶಾಲೆ ಬಿಟ್ಟ ಮೇಲೆ ಒಂಬತ್ತು ಜನ ಟೇಪು ಹಿಡಿದು ಹೋದೆವು. 64 ಮೀಟರ್. ಹೆಡ್‌ಮಾಸ್ಟರು ಮೊದಲು ಹಿಂದೆ ಮುಂದೆ ನೋಡಿದರು, ಆಮೇಲೆ ತಾವೇ ಬಂದು ಟೇಪಿನ ತುದಿ ಹಿಡಿದರು. ಆದರೆ ಸಹಿ ಹಾಕಲು ಹಿಂಜರಿಯುತ್ತಿದ್ದಾರೆ. ಸರ್ಕಾರಿ ನೌಕರಿ, ಅವರ ಕಷ್ಟ ಅರ್ಥ ಆಗುತ್ತದೆ. ಎಸ್‌ಡಿಎಂಸಿ ಅಧ್ಯಕ್ಷರ ಸಹಿ ಮಾತ್ರ ಇದ್ದರೆ ಸಾಕಾಗುತ್ತದಾ? ಕಟ್ಟಡದ ಮಾಲೀಕರ ಹೆಂಡತಿ ನಮ್ಮ ಸಂಘದಲ್ಲೇ ಇದ್ದಾಳೆ. ನಾಳೆ ಸಂಜೆ ಅವಳ ಮನೆಗೆ ಹೋಗುತ್ತಿದ್ದೇವೆ.